ಮದರಾಸಿಗೆ ಬಂದ ಮಾರ್ಮನ್ ಗುರು

ನಮ್ಮ ಸೀಮೆಯ ಸುಗಟೂರಿನಿಂದ ಕೋಲಾರಕ್ಕೆ ಬಂದು, ಮುಳಬಾಗಿಲ ಮಾರ್ಗವಾಗಿ ಮೂಡಲಿಗೆ ಸಾಗಿದರೆ ಹೆದ್ದಾರಿಯು ಮದರಾಸನ್ನು ಮುಟ್ಟುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಕಣಿವೆಯಿಂದ ಹೊರಟು 1853ರಲ್ಲಿ ಆ ಮದರಾಸಿಗೆ ಬಂದಿಳಿದ ರಿಚರ್ಡ್ ಬ್ಯಾಲಂಟೈನನ ವೃತ್ತಾಂತವನ್ನು ನಮ್ಮ ಸೀಮೆಯ ವಾಚಕರು ಅರಿಯುವುದು ಉಚಿತವೆಂದು ನಾನು ಭಾವಿಸುತ್ತೇನೆ.

1817ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿ, ರೊಟ್ಟಿ ಸುಡುವ ಕಸುಬನ್ನು ಕಲಿತಿದ್ದ ಈತನು 1842ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ದೀಕ್ಷೆಯನ್ನು ಕೈಕೊಂಡನು. ಜೋಸೆಫ್ ಸ್ಮಿತ್ 1830ರಲ್ಲಿ ಸ್ಥಾಪಿಸಿದ ಆ ಪಂಥದವರು ನೆರೆಹೊರೆಯವರ ದ್ವೇಷಕ್ಕೆ ತುತ್ತಾಗಿ, ಬ್ರಿಗಂ ಯಂಗನ ನಾಯಕತ್ವದಲ್ಲಿ 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದರು. ಮರುವರ್ಷ ಬ್ಯಾಲಂಟೈನನೂ ಅಲ್ಲಿಗೆ ಬಂದನು.

ಆತನ ಜೀವನದಲ್ಲಿ ನನ್ನ ಮನಸ್ಸನ್ನು ಸೆರೆಹಿಡಿದುದು ಒಂದು ಕೋಣೆ. ಹೊಸ ನೆಲದಲ್ಲಿ ಹೊಟ್ಟೆಪಾಡೇ ಹೊರೆಯಾಗಿದ್ದ ಕಾಲದಲ್ಲಿ, ಧರ್ಮಬೋಧೆಯಿಲ್ಲದೆ ಭಾನುವಾರವನ್ನು ಕಳೆಯುತ್ತಿದ್ದ ಮಕ್ಕಳನ್ನು ಕಂಡು ಮರುಗಿದ ಈತನು, ಕಲ್ಲು, ಮರ, ಮಣ್ಣುಗಳನ್ನು ತಾನೇ ಹೊಂದಿಸಿ, ತನ್ನ ಮನೆಗೇ ಕೂಡಿಸಿ ಅದನ್ನು ಕಟ್ಟಿ, ಕೂರಲು ಬೆಂಚುಗಳನ್ನೂ ಸಿದ್ಧಪಡಿಸಿ, 1849ರ ಡಿಸೆಂಬರ್ 9ರಂದು ಮೂವತ್ತರಷ್ಟು ಮಕ್ಕಳನ್ನು ಕೂಡಿಸಿಕೊಂಡು ಪಾಠವನ್ನಾರಂಭಿಸಿದನು. ಊರಿಗೆ ಮಠವಿಲ್ಲವೆಂದು ಸ್ವಂತ ಜಗಲಿಯನ್ನೇ ಮಕ್ಕಳಿಗೆ ಬಿಟ್ಟುಕೊಟ್ಟ ನಮ್ಮ ಹಳೆಯ ಕೂಲಿಮಠದ ಅಯ್ಯಗಳ ಸಾಲಿಗೆ ಸೇರತಕ್ಕವನು ಈತ. ಆ ಕಣಿವೆಯ ಮೊದಲ ಸಂಡೇಸ್ಕೂಲು ಅದೇ. ಇಂದು ಲೋಕದಾದ್ಯಂತ ಹಬ್ಬಿರುವ ಮಾರ್ಮನ್ ಸಂಡೇಸ್ಕೂಲುಗಳೆಲ್ಲ ತಮ್ಮ ಮೂಲವನ್ನು ಆ ಕೋಣೆಯಲ್ಲಿಯೇ ಕಾಣುತ್ತವೆ.

1852ರ ಆಗಸ್ಟಿನಲ್ಲಿ ಧರ್ಮಸಭೆಯು ಈತನನ್ನು ಹಿಂದೂಸ್ಥಾನಕ್ಕೆ ನಿಯೋಜಿಸಿತು. ಅದೇ ಸಭೆಯಲ್ಲಿಯೇ ಪಂಥದ ಬಹುಪತ್ನೀತ್ವವೂ ಬಹಿರಂಗವಾಗಿ ಘೋಷಿತವಾಯಿತು. 'ಮಾನ್ಸೂನ್' ಎಂಬ ಹಡಗಿನಲ್ಲಿ ಶಾಂತಸಾಗರವನ್ನು ದಾಟಿ, ಕಲ್ಕತ್ತೆಯ ಮೂಲಕ ಮರುವರ್ಷದ ಜುಲೈಯಲ್ಲಿ ಸಹಬೋಧಕ ರಾಬರ್ಟ್ ಸ್ಕೆಲ್ಟನನೊಡನೆ ಮದರಾಸನ್ನು ಸೇರಿದ ಬ್ಯಾಲಂಟೈನನು ಆಂಗ್ಲ ಸೈನಿಕರಲ್ಲಿ ಬೋಧಿಸಿದನು, ಕಿರುಪುಸ್ತಕಗಳನ್ನು ಅಚ್ಚು ಹಾಕಿಸಿದನು, ಪತ್ರಿಕೆಯೊಂದನ್ನೂ ಹೊರಡಿಸಿದನು. ಆದರೆ ಆ ಘೋಷಣೆಯ ಸುದ್ದಿ ಇಲ್ಲಿಯ ಪಾದ್ರಿಗಳ ಕಿವಿಗೂ ಬಿದ್ದಿತ್ತು, ಬಾಗಿಲುಗಳು ಮುಚ್ಚಿದವು, ದೀಕ್ಷೆ ಪಡೆದವರು ಬೆರಳೆಣಿಕೆಯಷ್ಟೇ. ಬಹುಪತ್ನೀತ್ವವನ್ನು ನಾನು ಸಮರ್ಥಿಸಲಾರೆ. ಆದರೂ ಮಕ್ಕಳ ಗುರುವೊಬ್ಬನು ಈ ನಾಡಿನಲ್ಲಿ ಮಕ್ಕಳ ಗುರುವಾಗಿ ನಿಲ್ಲಲು ಅವಕಾಶವೇ ದೊರೆಯದೆ ಹೋದುದಕ್ಕೆ ಖೇದಪಡುತ್ತೇನೆ. 1854ರಲ್ಲಿ ಹಿಂದಿರುಗಿದ ಈತನು, ಮರುವರ್ಷ ವಲಸೆಗಾರರ ದೊಡ್ಡ ತಂಡವನ್ನು ಗಾಡಿಗಳಲ್ಲಿ ಸಾಲ್ಟ್ ಲೇಕಿಗೆ ಮುಟ್ಟಿಸಿ, 1898ರಲ್ಲಿ ಆಗ್ಡನ್ ನಗರದಲ್ಲಿ ತೀರಿಕೊಂಡನು.

ಭಾರತದಲ್ಲಿ ಆ ಪಂಥದ ಮೊದಲ ದೇವಾಲಯವು ಬೆಂಗಳೂರಿನಲ್ಲಿ ಏಳುವುದೆಂದು 2018ರಲ್ಲಿ ಪ್ರಕಟವಾಯಿತು. 2020ರ ಡಿಸೆಂಬರಿನಲ್ಲಿ ಅದರ ನಿರ್ಮಾಣಕ್ಕೆ ನೆಲ ಅಗೆಯಲಾಯಿತು. ಆ ಪಂಥದ ಕನ್ನಡದ ಮಕ್ಕಳಿಗೆ, ಈ ದಕ್ಷಿಣದೇಶಕ್ಕೆ ಬಂದು ಬರಿಗೈಯಲ್ಲಿ ಮರಳಿದ ಬ್ಯಾಲಂಟೈನನ ಕಥೆಯನ್ನು ಅವರ ಭಾನುವಾರದ ಪಾಠದಲ್ಲಿ ಯಾರಾದರೂ ಒಮ್ಮೆ ಹೇಳಿದರೆ ಒಳ್ಳೆಯದು.