ಕೋಡಿ ನೀರಿನ ಮೇಲೆ ನಕ್ಷತ್ರ

ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯವರಿಗೆ ದೊಡ್ಡ ಜಲಪಾತವೆಂದರೆ ಜೋಗಕ್ಕೆ ಹೋಗಿ ನೋಡಿ ಬರುವ ವಸ್ತು. ನಮ್ಮಲ್ಲೇ ನೀರು ಧುಮುಕುವುದನ್ನು ಕಾಣಬೇಕಾದರೆ ಮಾರಿಕಣಿವೆ ಕೋಡಿ ಬೀಳಬೇಕು. ಬಾಬಾಬುಡನ್ ಗಿರಿಯ ಕಾಫಿ ಸೀಮೆಯಲ್ಲಿ ಸುರಿದ ಮಳೆಯೇ ವೇದಾವತಿಯಾಗಿ ಇಲ್ಲಿಗೆ ಬರುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲಕ್ಕೆ 89 ವರ್ಷ ಕಾದು 2022ರ ಸೆಪ್ಟೆಂಬರ್ ಬರಬೇಕಾಯಿತು. ಮೂರನೆಯದು 2025ರ ಜನವರಿಯಲ್ಲಿ.

ಈ ಮೂರನೆಯದೇ ಈ ಬರಹಕ್ಕೆ ಕಾರಣ. 2022ರಲ್ಲಿ ಹುಬ್ಬೆ ಮಳೆಯ ಕಾಲ. ನೀರು ಭೋರ್ಗರೆಯುತ್ತಿತ್ತು, ತಲೆಯೆತ್ತಿದರೆ ಮೋಡ. (ಯಾವ ನಕ್ಷತ್ರದ ಹೆಸರಿನ ಮಳೆಯೋ ಆ ನಕ್ಷತ್ರ ಆ ದಿನಗಳಲ್ಲಿ ಸೂರ್ಯನ ಜೊತೆಗಿರುವುದರಿಂದ ಮೋಡವಿಲ್ಲದಿದ್ದರೂ ಕಾಣದು. ದಿನಾ ಪಂಚಾಂಗ ತಿರುವುವ ನಮಗೂ ಇದು ಹೊಳೆಯುವುದಿಲ್ಲ.) ಬೇಸಿಗೆಯಲ್ಲಿ ಆಕಾಶ ಶುಭ್ರ, ನೀರಿಲ್ಲ. ಆದರೆ ಆ ವರ್ಷ ಭದ್ರಾ ಮೇಲ್ದಂಡೆಯ ನೀರೂ ಸೇರಿ ಚಳಿಗಾಲದ ನಡುವೆಯೇ ಮಟ್ಟ 130 ಅಡಿ ಮುಟ್ಟಿತು. ನೀರು, ಶುಭ್ರ ಆಕಾಶ ಎರಡೂ ಒಟ್ಟಿಗೆ ಸಿಕ್ಕವು.

ನನ್ನ ಅಕ್ಕನ ಮಗ ಕ್ಯಾಮೆರಾ ಹಿಡಿದು ಬಂದ. ಜನವರಿ 13, ಬನದ ಹುಣ್ಣಿಮೆ. ಬೆಳದಿಂಗಳಲ್ಲಿ ನೀರು ಬೆಳ್ಳಗೆ ಚೆಂದವಾಗಿ ಬಂತು, ನಕ್ಷತ್ರಗಳು ನಾಲ್ಕೋ ಐದೋ. ಅದೂ ಸಾಲದೆಂಬಂತೆ ತುಂತುರು ಹಾರಿ ಮಸೂರವೆಲ್ಲ ಮಂಜು. "ಮಾವ, ಇದೇನು ಚಿತ್ರವೋ, ಮಜ್ಜಿಗೆಯೋ!" ಎಂದು ನಕ್ಕ.

ವಾರ ಬಿಟ್ಟು ಮತ್ತೆ ಹೋದೆವು. ಹುಣ್ಣಿಮೆ ಕಳೆದ ಏಳೆಂಟು ದಿನಕ್ಕೆ ಚಂದ್ರ ಹುಟ್ಟುವುದು ನಡುರಾತ್ರಿಯ ಹೊತ್ತಿಗೆ. ಸಂಜೆ ಪಡುವಣದಲ್ಲಿ ಶುಕ್ರ, ಅದರ ಪಕ್ಕದಲ್ಲೇ ಮಂಕಾಗಿ ಶನಿ. ನೆತ್ತಿಯತ್ತ ರೋಹಿಣಿಯ ಬಳಿ ಗುರು. ಮೂಡಲಲ್ಲಿ ಪುನರ್ವಸುವಿನ ಹತ್ತಿರ ಕೆಂಪು ಮಂಗಳ. ನಾಲ್ಕು ಗ್ರಹ ಒಂದೇ ಸಂಜೆಗೆ! ಆರಿದ್ರೆಯ ಕೆಂಪು ಬಣ್ಣ ಚಿತ್ರದಲ್ಲಿ ಸ್ಪಷ್ಟವಾಗಿ ಬಂದಿದೆ.

ಮಾಡಿದ ಕ್ರಮ ಸುಲಭ. ಕ್ಯಾಮೆರಾ ಮುಕ್ಕಾಲಿಯ ಮೇಲೆ ಅಲುಗದಂತಿರಬೇಕು. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಫೋಕಸ್ ಮಾಡಲಾರದು. ಗುರುವಿನಂಥ ಪ್ರಕಾಶದ ಚುಕ್ಕೆಯ ಮೇಲೆ ಕೈಯಿಂದಲೇ ತಿರುಗಿಸಿ ಕೂರಿಸಬೇಕು. 24 ಮಿ.ಮೀ. ಮಸೂರ, ಅಪರ್ಚರ್ 2.8, ಐ.ಎಸ್.ಒ. 3200, ಶಟರ್ 20 ಸೆಕೆಂಡು. ಇನ್ನೂ ಹೆಚ್ಚು ಹೊತ್ತು ತೆರೆದಿಟ್ಟರೆ ಭೂಮಿ ತಿರುಗುವುದರಿಂದ ಚುಕ್ಕೆ ಗೆರೆಯಾಗುತ್ತದೆ. ಆ 20 ಸೆಕೆಂಡಿನಲ್ಲಿ ಬೀಳುವ ನೀರು ಹಿಂಜಿದ ಅರಳೆಯಂತಾಗುತ್ತದೆ. ಗೆರೆಯೇ ಬೇಕೆನ್ನುವವರು ಉತ್ತರಕ್ಕೆ ತಿರುಗಿಸಿ ಗಂಟೆಗಟ್ಟಲೆ ಒಂದರ ಮೇಲೊಂದು ತೆಗೆದು ಕೂಡಿಸಬಹುದು. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 14 ಡಿಗ್ರಿ ಮಾತ್ರ ಮೇಲೆ, ಅಂದರೆ ತೋಳು ಚಾಚಿ ಹಿಡಿದ ಒಂದೂವರೆ ಮುಷ್ಟಿ. ಗುಡ್ಡ ಅಡ್ಡವಿದ್ದರೆ ಸಿಕ್ಕದು.

ತೊಡಕಾದದ್ದು ಬೇರೆ. ದೂರದ ತೋಟವೊಂದರ ಪಂಪ್‌ಮನೆಯ ಬಿಳಿ ಎಲ್‌ಇಡಿ ದೀಪ ಚಿತ್ರದ ಒಂದು ಮೂಲೆಯನ್ನೇ ನುಂಗಿತ್ತು. ತೋಟದ ಯಜಮಾನರನ್ನು ಕಂಡು ಆರಿಸುತ್ತೀರಾ ಎಂದೆ. "ಅಡಿಕೆ ಕದ್ದುಕೊಂಡು ಹೋದರೆ ನಿಮ್ಮ ಫೋಟೋ ಕೊಡುತ್ತದೆಯೇ ಸ್ವಾಮಿ?" ಎಂದರು. ಮಾತು ನ್ಯಾಯವೇ. ಟ್ಯಾಂಕರ್ ನೀರು ಹೊಯ್ದು ಉಳಿಸಿಕೊಂಡ ತೋಟ ಅವರದು. ಕೊನೆಗೆ ಹಳೆ ಎಣ್ಣೆ ಡಬ್ಬ ಕತ್ತರಿಸಿ ದೀಪದ ಮೇಲೆ ಮುಸುಕು ಹಾಕಿದೆವು. ಅಂಗಳಕ್ಕೆ ಮೊದಲಿಗಿಂತ ಬೆಳಕು ಹೆಚ್ಚಾಯಿತು, ಆಕಾಶಕ್ಕೆ ಹೋಗುವುದು ನಿಂತಿತು. ಅವರು ಇನ್ನೆರಡು ದೀಪಕ್ಕೂ ಹಾಕಿಸಿಕೊಂಡರು.

ಹೋಗುವ ಬಂಧುಗಳಿಗೆ ಒಂದು ಮಾತು. ಅನುಮತಿ ಕೇಳಿಯೇ ಹೋಗಿ, ಕೋಡಿಯ ಕಲ್ಲಿನ ಮೇಲೆ ಕಾಲಿಡಬೇಡಿ. ಪಾಚಿ ಕಟ್ಟಿದ ಕಲ್ಲು ಹಗಲಲ್ಲೇ ಜಾರುತ್ತದೆ. ದೂರದಿಂದ ತೆಗೆದರೆ ತುಂತುರೂ ತಾಗದು. ಜೇಬಿನಲ್ಲಿ ಎರಡು ಒಣ ಹತ್ತಿಬಟ್ಟೆ ಇರಲಿ, ಒಂದು ಸಾಲದು.