ಎರಡು ಹನಿಯೊಳಗಿನ ಒಂದಕ್ಷರ

1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಆಲ್ಬರ್ಟ್ ಸೇಬಿನ್ ಪೋಲಿಯೊ ವೈರಸ್ಸನ್ನು ಮಂಗಗಳ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಸಾಧುವಾದವನ್ನು ಆರಿಸುತ್ತಾ ಹೋದರು. ಕರುಳಿನಲ್ಲಿ ಬೆಳೆಯಬೇಕು, ನರಗಳ ತಂಟೆಗೆ ಹೋಗಬಾರದು, ಅಂಥದು ಬೇಕಿತ್ತು. ಸಿಕ್ಕಿತು. ಅದು ಸಾಧುವಾದದ್ದು ಹೇಗೆಂದು ಮಾತ್ರ ಆಗ ಅವರಿಗೂ ಗೊತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಪಲ್ಸ್ ಪೋಲಿಯೊ ಭಾನುವಾರಗಳಂದು ಮಕ್ಕಳಿಗೆ ಹಾಕಿಸಿದ ಹನಿಗಳಲ್ಲಿದ್ದದ್ದು ಅದೇ ವೈರಸ್‌ನ ಸಂತತಿ.

ಪೋಲಿಯೊ ಸೇರಿದಂತೆ ಪಿಕಾರ್ನಾ ಕುಟುಂಬದ ವೈರಸ್‌ಗಳೆಲ್ಲ ತೀರ ಪುಟ್ಟವು. ಪೋಲಿಯೊದ್ದು ಸುಮಾರು 7,500 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ, ಸುತ್ತ ಪ್ರೋಟೀನಿನ ಕವಚ, ಅಷ್ಟೇ. 1981ರಲ್ಲಿ ಅದನ್ನು ಪೂರ್ತಿ ಓದಿದಾಗ, ಮೊದಲ 740ರಷ್ಟು ಅಕ್ಷರಗಳಿಂದ ಯಾವ ಪ್ರೋಟೀನೂ ಹುಟ್ಟುವುದಿಲ್ಲವೆಂದು ಕಂಡಿತು. ಇಷ್ಟು ಕಿರಿದಾದ ಬರಹದಲ್ಲಿ ಹತ್ತರಲ್ಲೊಂದು ಪಾಲು ಸುಮ್ಮನೆ ಬಿದ್ದಿರುತ್ತದೆಯೇ?

ಅದರ ಕೆಲಸವನ್ನು 1988ರಲ್ಲಿ ಮಾಂಟ್ರಿಯಲ್‌ನ ಜೆರ್ರಿ ಪೆಲ್ಲೆಟಿಯರ್, ನಹುಮ್ ಸೋನೆನ್‌ಬರ್ಗ್ ತೋರಿಸಿಕೊಟ್ಟರು. ನಮ್ಮ ಜೀವಕೋಶದ ಆರ್‌ಎನ್‌ಎಗಳ ತುದಿಗೆ ರಾಸಾಯನಿಕ ಟೋಪಿಯೊಂದಿರುತ್ತದೆ. ಪ್ರೋಟೀನ್ ತಯಾರಿಸುವ ರೈಬೋಸೋಮ್ ಅದನ್ನು ಗುರುತು ಹಿಡಿದೇ ಕೆಲಸ ಶುರುಮಾಡುತ್ತದೆ. ಪೋಲಿಯೊಗೆ ಟೋಪಿಯಿಲ್ಲ. ಆ ಮೊದಲ ಭಾಗವೇ ಮಡಿಕೆಮಡಿಕೆಯಾಗಿ ರೈಬೋಸೋಮನ್ನು ನೇರವಾಗಿ ಒಳಗೆ ಇಳಿಸಿಕೊಳ್ಳುತ್ತದೆ. ಆಮೇಲೆ ಉದ್ದನೆಯ ಒಂದೇ ಪ್ರೋಟೀನ್ ತಯಾರಾಗಿ, ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದೆ. ಅದರಲ್ಲೊಂದು ತುಂಡು, ಟೋಪಿಗೂ ರೈಬೋಸೋಮಿಗೂ ನಂಟು ಬೆಸೆಯುವ ಪ್ರೋಟೀನನ್ನು ಕತ್ತರಿಸಿಬಿಡುತ್ತದೆ. ಜೀವಕೋಶದ ಸ್ವಂತ ಕೆಲಸ ನಿಂತಿತು; ವೈರಸ್‌ನದು ನಡೆದೇ ಇದೆ. ಎಂಟು ಗಂಟೆ ಕಳೆಯುವಷ್ಟರಲ್ಲಿ ಸಾವಿರಾರು ಹೊಸ ವೈರಸ್‌ಗಳು ಸಿದ್ಧವಾಗಿ ಜೀವಕೋಶ ಒಡೆಯುತ್ತದೆ. ಬಹುಮಂದಿಯಲ್ಲಿ ಇದು ಕರುಳಿನಲ್ಲೇ ಮುಗಿದುಹೋಗುತ್ತದೆ. ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಲ್ಲಿ ವೈರಸ್ ಬೆನ್ನುಹುರಿಯ ನರಕೋಶಗಳಿಗೆ ತಲುಪಿ ಕಾಲಿನ ಬಲ ಹೋಗುತ್ತದೆ. ಸತ್ತ ಆ ನರಕೋಶ ಮತ್ತೆ ಹುಟ್ಟುವುದಿಲ್ಲ.

ಪೋಲಿಯೊದ ಮೂರು ಮಾದರಿಗಳಿಗೆ ಸೇಬಿನ್ ಆರಿಸಿದ ಮೂರೂ ವೈರಸ್‌ಗಳಲ್ಲಿ, ರೈಬೋಸೋಮ್ ಇಳಿಯುವ ಇದೇ ಜಾಗದ ಒಂದೊಂದು ಅಕ್ಷರ ಉಗ್ರ ವೈರಸ್‌ಗಿಂತ ಬೇರೆಯಾಗಿತ್ತು: ಕ್ರಮವಾಗಿ 480, 481, 472ನೆಯವು. ನರಕೋಶದಲ್ಲಿ ಅವು ಸೊರಗುವುದಕ್ಕೆ ದೊಡ್ಡ ಕಾರಣ ಇದು. ಆದರೆ ನಕಲು ಮಾಡುವಾಗ ತಪ್ಪುತ್ತಲೇ ಇರುವ ವೈರಸ್ಸಿಗೆ ಒಂದಕ್ಷರ ಹಳೆಯದಕ್ಕೆ ತಿರುಗುವುದು ಕಷ್ಟವಲ್ಲ. ಎಲ್ಲ ಮಕ್ಕಳಿಗೂ ಲಸಿಕೆಯಾದ ಕಡೆ ಹೀಗೆ ತಿರುಗಿದ ವೈರಸ್ ಹಬ್ಬುವ ಭಯ ತೀರ ಕಡಿಮೆ. ಬಹಳ ಮಕ್ಕಳು ಬಿಟ್ಟುಹೋದ ಕಡೆ ಅದು ಹಬ್ಬಿ, ಮತ್ತೆ ಕಾಲು ಕಸಿಯಬಲ್ಲದು. ಇದನ್ನು ಮುಚ್ಚಿಡಬಾರದು. 2011ರ ಜನವರಿಯ ನಂತರ ಭಾರತದಲ್ಲಿ ವೈಲ್ಡ್ ಪೋಲಿಯೊ, ಅಂದರೆ ಹನಿಯಿಂದ ಬಾರದ ಮೂಲ ವೈರಸ್‌ನ ಕಾಯಿಲೆ, ಒಂದೂ ಕಾಣದಿರುವುದು ಇದೇ ಹನಿಯಿಂದ ಎಂಬುದನ್ನೂ ಮರೆಯಬಾರದು.

2021ರಿಂದ ಬಳಕೆಗೆ ಬಂದ ಎರಡನೇ ಮಾದರಿಯ ಹೊಸ ಹನಿಯಲ್ಲಿ 481ರ ಸುತ್ತಲಿನ ಮಡಿಕೆಯನ್ನೇ ತಿದ್ದಿ ಬರೆದಿದ್ದಾರೆ. ಈಗ ಒಂದಕ್ಷರ ತಿರುಗಿದರೆ ಸಾಲದು, ಹಲವು ಒಟ್ಟಿಗೆ ತಿರುಗಬೇಕು. ಉಳಿದೆರಡು ಮಾದರಿಗಳಿಗೂ ಇದೇ ಬಗೆಯ ಹನಿಗಳನ್ನು ಪರೀಕ್ಷೆಗೆ ಒಡ್ಡಿದ್ದಾರೆ.