ಚೈನ್‌ಕೇಸಿನಿಂದ ಎಣ್ಣೆ ಸೋರಿದರೆ
ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿ ಗಾಡಿಗಳು ನಮ್ಮ ಸದಸ್ಯರಲ್ಲಿ ಇನ್ನೂ ಓಡುತ್ತಿವೆ. ಚೈನ್‌ಕೇಸಿನಿಂದ ಎಣ್ಣೆ ತೊಟ್ಟಿಕ್ಕುವುದನ್ನು ಹಳೇ ಗಾಡಿಯ ಗುಣವೆಂದು ಬಿಡಬಾರದು. ಹಿಂದಿನ ಬ್ರೇಕ್ ಲೈನಿಂಗಿಗೆ ತಗುಲಿದರೆ ಮಳೆಗಾಲದ ಇಳಿಜಾರಿನಲ್ಲಿ ಗಾಡಿ ನಿಲ್ಲದು.

ಕಪ್ಪಾಗಿ ಅಂಟಾಗಿದ್ದರೆ ಅದು ಚೈನಿಗೆ ಹೆಚ್ಚಾಗಿ ಬಳಿದ ಗ್ರೀಸು, ಒರೆಸಿದರೆ ಸಾಕು. ತೆಳ್ಳಗಿದ್ದು ಗೇರ್‌ಬಾಕ್ಸಿನ ಎಣ್ಣೆಯೂ ಇಳಿಯುತ್ತಿದ್ದರೆ ಮುಂದಿನ ಚಿಕ್ಕ ಸ್ಪ್ರಾಕೆಟ್ಟಿನ ಹಿಂದಿರುವ ಆಯಿಲ್ ಸೀಲನ್ನು ನೋಡಬೇಕು. ನಾವು ಎರಡು ಸಲ ಬರೀ ಸೀಲ್ ಬದಲಾಯಿಸಿ ದುಡ್ಡು ಕಳೆದುಕೊಂಡೆವು. ಚೈನನ್ನು ತಂತಿಯಂತೆ ಬಿಗಿದದ್ದೇ ನಮ್ಮ ತಪ್ಪು; ಆ ಎಳೆತಕ್ಕೆ ಬೇರಿಂಗ್ ಸವೆದು ಸ್ಪ್ರಾಕೆಟ್ ಅಲುಗುತ್ತಿತ್ತು. ಅಲುಗಾಟವಿದ್ದರೆ ಮೊದಲು ಬೇರಿಂಗ್, ಆಮೇಲೆ ಸೀಲ್. ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಲಿ. ಗಾಡಿಯ ಮೇಲೆ ಒಬ್ಬರು ಕೂತಾಗಲೂ ಚೈನ್ ಕೊಂಚ ಸಡಿಲವಿರಬೇಕು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಹೊಸದು ಹಾಕಿಸಿ.